ಅಲಾರಮ್ಮಿಗೆ ಕಟ್ಟಿದ ನಗಾರಿ

ತಾಯಲೂರು ಹೋಬಳಿ, ನಮ್ಮೂರಿನಿಂದ
೧೪ ನವೆಂಬರ್ ೨೦೨೪, ಗುರುವಾರ

ಪ್ರೀತಿಯ ಅಪ್ಪನಿಗೆ,

ಮಂಡಿನೋವು ಹೇಗಿದೆ? ಮಾಲೂರಿನ ಚಳಿಗೆ ಕೆಮ್ಮು ಹೆಚ್ಚಾಗಿಲ್ಲ ತಾನೇ? ಮಗಳ ಮನೆ ಅಂತ ಸಂಕೋಚ ಮಾಡಿಕೊಳ್ಳಬೇಡ, ಗಂಗಾಲಕ್ಷ್ಮಿಯನ್ನು ಕೇಳಿ ಬಿಸಿನೀರು ಕಾಯಿಸಿಕೊಂಡು ಕುಡಿ. ಇಲ್ಲಿ ಅಮ್ಮ ಚೆನ್ನಾಗಿದ್ದಾಳೆ. ನಿನ್ನ ಮೇಲಿನ ಸಿಟ್ಟನ್ನೆಲ್ಲ ಸೀಮೆಹಸುವಿನ ಮೇಲೆ ತೀರಿಸಿಕೊಳ್ಳುತ್ತಾಳೆ. ಹಸು ದೊಡ್ಡ ಮನಸ್ಸಿನದು, ಹಾಲು ಕಡಿಮೆ ಮಾಡಿಲ್ಲ. ಫೋನು ಕೊಟ್ಟರೆ ನೀನು ಹಿಡಿಯುವುದೇ ಇಲ್ಲ ಅಂತ ತಂಗಿ ಹೇಳಿದಳು, ಅದಕ್ಕೇ ಈ ಕಾಗದ. ಕನ್ನಡಕ ಹಾಕಿಕೊಂಡು ನೀನೇ ಓದು, ಅವಳ ಕೈಗೆ ಕೊಟ್ಟರೆ ಅರ್ಧಕ್ಕೇ ಅಳುತ್ತಾಳೆ. ನಡುವೆ ಪ್ರಾಸ ನುಸುಳಿದರೆ ಬೈಯಬೇಡ. ‘ಬಿ.ಎ. ಓದಿಸಿದ್ದಕ್ಕೆ ಪ್ರಾಸ ಬಂತು, ಪಗಾರ ಬರ್ಲಿಲ್ಲ’ ಅಂತ ಊರೆಲ್ಲ ಹೇಳಿಕೊಂಡು ಬಂದವನು ನೀನು, ಅದನ್ನೂ ಪ್ರಾಸದಲ್ಲೇ ಹೇಳಿದೆ.

ಮೊದಲೇ ಹೇಳಿಬಿಡುತ್ತೇನೆ, ಗುಡಿಯಿಂದ ಕಳುವಾದ ಸಪ್ಪಲಮ್ಮನ ಬೆಳ್ಳಿ ಮುಖವಾಡ ಇನ್ನೂ ಸಿಕ್ಕಿಲ್ಲ. ಕಳ್ಳ ಯಾರೆಂದೂ ಗೊತ್ತಾಗಿಲ್ಲ. ಸಿಕ್ಕಿತು, ಗೊತ್ತಾಯಿತು ಎಂದು ಬರೆಯುವ ಹಾಗಿದ್ದರೆ ನನ್ನ ಕೆಲಸ ಸುಲಭವಾಗುತ್ತಿತ್ತು. ಅವತ್ತು ಅರಳಿಕಟ್ಟೆಯ ಮೇಲೆ ಆವಲಪ್ಪ ಮಾವ ಗುಡಿ ಕಮಿಟಿಯ ಅಧ್ಯಕ್ಷರಾಗಿ ನಿಂತು, ‘ಬೀಗ ಒಡೆದಿಲ್ಲ, ಬೀಗದ ಕೈ ಇರೋದು ಪೂಜಾರಿ ಒಬ್ಬನ ಹತ್ರ’ ಅಂತ ನಿನ್ನನ್ನೇ ನೋಡುತ್ತ ಅಂದರಲ್ಲ, ಆಮೇಲೆ ಯಾರೂ ಏನೂ ಅನ್ನಲಿಲ್ಲ. ಆ ಸುಮ್ಮನಿದ್ದದ್ದೇ ನಿನಗೆ ಹೆಚ್ಚು ಚುಚ್ಚಿದ್ದು ಅಂತ ನನಗೆ ಗೊತ್ತು. ನೀನು ಮಾಲೂರಿನ ಬಸ್ಸು ಹತ್ತಿದ ಮಾರನೆಯ ವಾರ ಅದೇ ಕಮಿಟಿ ಮುಳಬಾಗಿಲಿನ ನನ್ನ ಎಲೆಕ್ಟ್ರಿಕ್ ಅಂಗಡಿಗೆ ಬಂದು, ಗುಡಿಗೆ ಅಲಾರಂ ಹಾಕಿಕೊಡು ಅಂತ ಕೇಳಿತು. ನಾನು ಒಪ್ಪಿಕೊಂಡೆ. ಅಮ್ಮ ಒಂದು ದಿನ ನನಗೆ ಮುದ್ದೆ ಕಟ್ಟಿಕೊಡಲಿಲ್ಲ, ನೀನೂ ಈಗ ಹಲ್ಲು ಕಡಿಯುತ್ತಿರಬಹುದು. ಆದರೆ ಯೋಚನೆ ಮಾಡು, ಬೇರೆ ಯಾರೋ ಕೋಲಾರದಿಂದ ಬಂದು ಹಾಕಿದ್ದರೆ ಆ ಅಲಾರಂ ಡಬ್ಬದೊಳಗೆ ನಿನ್ನ ಹೆಸರಿಗೆ ಜಾಗವನ್ನೇ ಇಡುತ್ತಿರಲಿಲ್ಲ.

ಈ ಡಬ್ಬದ ಸ್ವಭಾವ ಸ್ವಲ್ಪ ಹೇಳಬೇಕು. ಕಳ್ಳ ಬಾಗಿಲು ತೆರೆದರೆ ಅದಕ್ಕೆ ತಿಳಿಯುತ್ತದೆ, ಸರಿಯಾದ ನಂಬರ್ ಒತ್ತಿ ತೆರೆದವರು ನಮ್ಮವರು ಅಂತಲೂ ತಿಳಿಯುತ್ತದೆ. ತಿಳಿದ ಮೇಲೆ ಏನು ಮಾಡಬೇಕು ಎನ್ನುವುದನ್ನು ಮಾತ್ರ ನಾವೇ ಕಲಿಸಬೇಕು. ಅದರ ಹೊಟ್ಟೆಯಿಂದ ಹೊರಡುವ ಒಂದೊಂದು ತಂತಿಗೂ ಒಂದೊಂದು ಪಾಠ: ಕಳ್ಳ ಬಂದರೆ ನೀನು ಕೂಗು, ಕತ್ತಲಾದರೆ ನೀನು ದೀಪ ಹಚ್ಚು, ಇಂಥವರು ನಂಬರ್ ಒತ್ತಿದರೆ ನೀನು ಇಂಥದ್ದು ಮಾಡು. ಹೊಸ ಸೊಸೆಗಿಂತ ವಿಧೇಯ, ಹೇಳಿದ್ದು ಬಿಟ್ಟು ಬೇರೆ ಮಾಡುವುದಿಲ್ಲ. ಹೇಳಿದ್ದೇ ತಪ್ಪಾಗಿದ್ದರೂ ಮಾಡುತ್ತದೆ, ಅದೇ ತೊಂದರೆ. ನಾನು ಸೈರನ್ ತಂದಿದ್ದೆ. ಒಂದು ಸಲ ಕೂಗಿಸಿ ತೋರಿಸಿದ್ದಕ್ಕೆ ಆವಲಪ್ಪ ಮಾವ, ‘ಅಮ್ಮನ ಗುಡೀಲಿ ಆಂಬುಲೆನ್ಸ್ ಥರ ಕಿರುಚಿಸ್ತೀಯೇನ್ಲಾ? ಅಪಶಕುನ! ಅಲ್ಲಿ ಕರೆಂಟ್ ನಗಾರಿ ಬಿದ್ದೈತಲ್ಲ, ಅದಕ್ಕೇ ಕೊಡು ವೈರು’ ಅಂದುಬಿಟ್ಟರು. ಮಂಗಳಾರತಿ ಹೊತ್ತಿಗೆ ನೀನು ಸ್ವಿಚ್ ಹಾಕುತ್ತಿದ್ದೆಯಲ್ಲ, ನಗಾರಿಯನ್ನೂ ಗಂಟೆಯನ್ನೂ ತಾನೇ ಬಡಿದುಕೊಳ್ಳುವ ಯಂತ್ರ, ಅದೇ. ನೀನು ಹೋದ ಮೇಲೆ ಕಮಿಟಿಯವರು ಸರದಿಯಲ್ಲಿ ಬಂದು ದೀಪ ಹಚ್ಚಿ ಹೋಗುತ್ತಿದ್ದರು, ಅದರ ಸ್ವಿಚ್ಚು ಮಾತ್ರ ಯಾರೂ ಮುಟ್ಟಿರಲಿಲ್ಲ. ನಡುವೆ ತಾನೇ ಸ್ವಿಚ್ ಹಾಕುವ ಒಂದು ರಿಲೇ ಕೂರಿಸಿ, ಕಳ್ಳ ಬಂದರೆ ನಗಾರಿ ಬಾರಿಸು ಅಂತ ಡಬ್ಬಕ್ಕೆ ಪಾಠ ಹೇಳಿಕೊಟ್ಟೆ. ಆಗಲೇ ಮನಸ್ಸಿನಲ್ಲಿ ಬಂದ ಸಾಲು:

ಬಂದ ಕಳ್ಳನಿಗೆ ಮಂಗಳಾರತಿ,
ಎದ್ದ ಊರಿಗೆ ನಗಾರಿ ಸಾರಥಿ.

ಹೇಳಲಿಲ್ಲ. ಅಧ್ಯಕ್ಷರ ಮುಂದೆ ಪ್ರಾಸಕ್ಕೆ ಬೆಲೆಯಿಲ್ಲ.

ಮಂಗಳವಾರ ಪರೀಕ್ಷೆ ಇಟ್ಟುಕೊಂಡೆವು. ನಗಾರಿ ಕೇಳಿದ ತಕ್ಷಣ ಗಂಡಸರೆಲ್ಲ ದೊಣ್ಣೆ ಹಿಡಿದು ಓಡಿಬರಬೇಕು ಅಂತ ಹಿಂದಿನ ದಿನವೇ ಟಾಂಟಾಂ ಹಾಕಿಸಿದ್ದರು. ಆವಲಪ್ಪ ಮಾವನೇ ಕಳ್ಳನ ಪಾತ್ರ ವಹಿಸಿ, ನಂಬರ್ ಒತ್ತದೆ ಬಾಗಿಲು ತಳ್ಳಿ ಒಳಗೆ ಕಾಲಿಟ್ಟರು. ನಗಾರಿ ಶುರುವಾಯಿತು. ಜನ ಬಂದರು ಅಪ್ಪಾ, ಇಡೀ ಊರೇ ಬಂತು. ಆದರೆ ಒಬ್ಬರ ಕೈಯಲ್ಲೂ ದೊಣ್ಣೆ ಇರಲಿಲ್ಲ. ತೆಂಗಿನಕಾಯಿ, ಕನಕಾಂಬರ, ಅರಿಶಿನ ಕುಂಕುಮದ ತಟ್ಟೆ. ಭಾರತಮ್ಮ ಸೊಪ್ಪು ಹೆಚ್ಚುತ್ತಿದ್ದವಳು ಸೆರಗಿಗೆ ಕೈ ಒರೆಸಿಕೊಂಡೇ ಓಡಿಬಂದಿದ್ದಳು. ಹೊಲದಲ್ಲಿ ರಾಗಿ ಕೊಯ್ಯುತ್ತಿದ್ದವರು ಕಾಲು ತೊಳೆದುಕೊಂಡು ಸಾಲಾಗಿ ನಿಂತರು. ‘ಪೂಜಾರಿ ಬಂದ್ನಂತೆ’, ‘ಯಾವ ಬಸ್ಸಿಗೆ ಬಂದ?’, ‘ಸಣ್ಣಗಾಗಿದಾನೇನೋ’ ಅಂತ ಹಿಂದಿನವರು ಮುಂದಿನವರನ್ನು ಕೇಳುತ್ತಿದ್ದರು. ಟಾಂಟಾಂ ಎಲ್ಲರೂ ಕೇಳಿದ್ದರು, ನಗಾರಿ ಕಿವಿಗೆ ಬಿದ್ದಾಗ ಎಲ್ಲರೂ ಮರೆತಿದ್ದರು. ಮುನಿಯಲ್ಲಮ್ಮಜ್ಜಿ ಕೋಲೂರಿಕೊಂಡು ಎಲ್ಲರನ್ನೂ ಸರಿಸಿ ಬಾಗಿಲಿಗೆ ಬಂದು ಒಳಗೆ ಇಣುಕಿದಳು. ಗರ್ಭಗುಡಿಯ ಮುಂದೆ ಆವಲಪ್ಪ ಮಾವ, ಪಕ್ಕದಲ್ಲಿ ಸ್ಕ್ರೂಡ್ರೈವರ್ ಹಿಡಿದ ನಾನು. ಅಜ್ಜಿ ತೆಲುಗಿನಲ್ಲಿ ಒಂದೇ ಮಾತು ಅಂದಳು, ‘ಮೀರೇನಾ?’ ನೀವೇನಾ, ಅಷ್ಟೇ. ಕಾಯಿ ಒಡೆಸಲಿಲ್ಲ. ತಟ್ಟೆ ಸಮೇತ ತಿರುಗಿ ನಡೆದಳು. ಅವಳ ಹಿಂದೆ ಒಬ್ಬೊಬ್ಬರೇ ಹೊರಟರು.

ಆವಲಪ್ಪ ಮಾವ ಕಟ್ಟೆಯ ಮೇಲೆ ಕೂತುಬಿಟ್ಟರು. ನಾನು ವೈರು ಸುತ್ತುವ ನೆಪದಲ್ಲಿ ಅಲ್ಲೇ ಉಳಿದೆ. ಕೊನೆಗೆ ಟವೆಲಿನಲ್ಲಿ ಮುಖ ಒರೆಸಿಕೊಂಡು, ‘ಅಮರ, ಊರ್ಗೆ ಊರೇ ಅವನ್ನ ನಂಬೈತೆ. ನಾನೊಬ್ನು ಬಾಯಿ ಬಿಟ್ಟೆ’ ಅಂದರು. ಆಮೇಲೆ, ‘ಆ ಡಬ್ಬದಾಗೆ ನಿಮ್ಮಪ್ಪನಿಗೂ ಒಂದು ನಂಬರ್ ಹಾಕಕ್ಕಾಗ್ತದೇನೋ?’ ಅಂತ ನೆಲ ನೋಡುತ್ತ ಕೇಳಿದರು. ಆಗುತ್ತದೆ ಅಂದೆ. ಅವತ್ತೇ ಪಾಠ ಬದಲಾಯಿಸಿದೆ. ಕಳ್ಳನಿಗೆ ಸೈರನ್, ಅದು ಅಪಶಕುನವಾದರೆ ಆಗುವುದು ಕಳ್ಳನಿಗೆ ತಾನೇ. ನಗಾರಿಯ ವೈರನ್ನು ಅದರಿಂದ ಬಿಡಿಸಿ ನಿನ್ನ ನಂಬರಿಗೆ ಕೊಟ್ಟಿದ್ದೇನೆ. ಕಮಿಟಿಯವರ ನಂಬರಿಗೆ ಬಾಗಿಲು ಮಾತ್ರ ತೆರೆಯುತ್ತದೆ. ನೀನು ಒತ್ತಿದರೆ ಬಾಗಿಲಿನ ಜೊತೆ ನಗಾರಿಯೂ ಬಾರಿಸುತ್ತದೆ, ಊರಿಗೆ ಬೇರೆ ಸುದ್ದಿ ಬೇಕಾಗಿಲ್ಲ. ನಂಬರ್ ಯಾವುದೆಂದು ನಾನು ತೀರ್ಮಾನಿಸಿಲ್ಲ. ನೀನೇ ಬಂದು ಒತ್ತಿ ಕಲಿಸಬೇಕು, ನನಗೂ ಹೇಳಬೇಡ.

ಮುಖವಾಡದ ಮಾತು ಹಾಗೇ ಉಳಿದಿದೆ. ಅದು ಸಿಕ್ಕಿದ ಮೇಲೆ ಬರುತ್ತೇನೆ ಅಂತ ನೀನು ಹಟ ಹಿಡಿದರೆ ತಪ್ಪು ಅನ್ನುವುದಿಲ್ಲ. ಆದರೆ ಅದಿಲ್ಲದೆಯೇ ನಂಬಿ ಬಂದ ಜನ ಅವರು, ಅದನ್ನು ನಾನು ಕಣ್ಣಾರೆ ನೋಡಿದೆ.

ಅಮ್ಮ ನಿನ್ನ ಉಣ್ಣೆ ಶಾಲು ಒಗೆದು ಇಟ್ಟಿದ್ದಾಳೆ. ಕಳಿಸು ಅಂದರೆ ಕಳಿಸುವುದಿಲ್ಲವಂತೆ. ಗಂಗಾಲಕ್ಷ್ಮಿಗೆ, ಮಕ್ಕಳಿಗೆ ನನ್ನ ನೆನಪು ಹೇಳು. ಮಂಡಿಗೆ ಎಣ್ಣೆ ಹಚ್ಚಿಕೋ. ನಿನ್ನ ಕಾಲಿಗೆ ಬಿದ್ದೆ ಅಂದುಕೊಂಡು ಆಶೀರ್ವಾದ ಮಾಡಿಬಿಡು.

ನಿನ್ನ ಮಗ,
ಅಮರನಾಥ

ಮರೆತೆ: ಈ ಕಾಗದ ಅಂಚೆಯಲ್ಲಿ ಬಂದದ್ದಲ್ಲ. ಆವಲಪ್ಪ ಮಾವನೇ ತಂದಿದ್ದಾರೆ. ಗಂಗಾಲಕ್ಷ್ಮಿಯ ಕೈಗೆ ಕೊಟ್ಟು, ನೀನು ಓದಿ ಮುಗಿಸುವವರೆಗೂ ಎದುರಿನ ಟೀ ಅಂಗಡಿಯಲ್ಲಿ ಕೂತಿರುತ್ತೇನೆ ಅಂದಿದ್ದಾರೆ. ತಾವಾಗಿ ಒಳಗೆ ಬರುವ ಮುಖ ಅವರಿಗಿಲ್ಲ. ನೀನು ತಡ ಮಾಡಿದಷ್ಟೂ ಟೀ ಮೇಲೆ ಟೀ ಕುಡಿಯುತ್ತಾರೆ, ಅವರಿಗೆ ಸಕ್ಕರೆ ಕಾಯಿಲೆ. ಎದ್ದು ಹೋಗಿ ಕರಿ.