ಹಾಲೆಮರದ ಬೆಣೆ

ಅಪ್ಪಾ,

ಕಾಗದ ಬರೆಯುವಾಗ ಮೊದಲು ಕ್ಷೇಮ ವಿಚಾರಿಸಬೇಕು ಎಂದು ನೀನೇ ಹೇಳಿಕೊಟ್ಟಿದ್ದೆ. ನಿನ್ನನ್ನು ಏನೆಂದು ವಿಚಾರಿಸಲಿ? ನೀನು ಹೋಗಿ ಏಳು ತಿಂಗಳಾಯಿತು. ನಾನು ಇದ್ದೇನೆ. ಅವ್ವ ಇದ್ದಾಳೆ. ನಿನ್ನೆ ಮಧ್ಯಾಹ್ನ ಒಂದು ಸಂಗತಿ ನಡೆಯಿತು. ಅದನ್ನು ತಿಳಿಸಲು ಕೂತಿದ್ದೇನೆ, ಆದರೆ ನೇರವಾಗಿ ಅದಕ್ಕೆ ಬರಲು ಆಗುತ್ತಿಲ್ಲ.

ನಿನ್ನನ್ನು ಜಗಲಿಯ ಮೇಲೆ ಮಲಗಿಸಿದ ಬೆಳಿಗ್ಗೆ ಚಿಕ್ಕಪ್ಪ ಬಿಳಿ ಪಂಚೆ ಹರಿದು, ನಿನ್ನ ಗದ್ದದ ಕೆಳಗಿನಿಂದ ತಂದು, ನೆತ್ತಿಯ ಮೇಲೆ ಗಂಟು ಹಾಕಿದ. ಬಾಯಿ ತೆರೆದುಕೊಳ್ಳಬಾರದಲ್ಲ, ಅದಕ್ಕೆ. ನಾನು ಆ ಗಂಟನ್ನೇ ನೋಡುತ್ತ ಕೂತಿದ್ದೆ. ಅತ್ತೆಯರೆಲ್ಲ ಬಾಯಿ ಬಡಿದುಕೊಂಡು ಅಳುತ್ತಿದ್ದರು. ಮೂಲೆಮನೆಯ ನಿಂಗಮ್ಮಜ್ಜಿ, "ಅಪ್ಪ ಸತ್ತವ್ನೆ, ಇವ್ಳು ನೋಡು, ಕಲ್ಲು ಮಡಗಿದಂಗೆ ಕೂತವ್ಳೆ" ಎಂದಳು. ಪಕ್ಕದಲ್ಲಿದ್ದವಳು, "ಸುಮ್ಕಿರಜ್ಜಿ, ಬಾಯಿ ಬುಡಕ್ಕಾದ್ರೆ ತಾನೇ ಆ ಮಗ ಅಳೋದು" ಎಂದು ನನ್ನ ಪರ ವಹಿಸಿದಳು. ಅವಳಿಗೆ ಗೊತ್ತಿರಲಿಲ್ಲ. ಆ ಹೊತ್ತಿಗೆ ನನ್ನ ಬಾಯಿ ಎರಡು ಬೆರಳಿನಷ್ಟು ತೆರೆಯುತ್ತಿತ್ತು. ಅಳು ಬರಲಿಲ್ಲ, ಅಷ್ಟೇ.

ಐದು ವರ್ಷದವಳಿದ್ದಾಗ ನೀನು ನನಗೂ ಹಾಗೆಯೇ ಕಟ್ಟಿದ್ದೆ. ಪಾಂಡವಪುರದ ಕಾರ್ಖಾನೆಗೆ ಕಬ್ಬು ಹೊರುವವರೊಬ್ಬರ ಗಾಡಿಗೆ ಹೊಸ ಚಕ್ರ ಕೂರಿಸಿ, ಎತ್ತು ಕಟ್ಟುವ ಮೂಕಿಗೆ ಊರುಗೋಲು ಕೊಟ್ಟು, ಮೊದಲು ನನ್ನನ್ನೇ ಹತ್ತಿಸಿದ್ದೆ. ಊರುಗೋಲು ಜಾರಿತು. ನಾನು ಮುಂದಕ್ಕೆ ಬಿದ್ದೆ, ಗದ್ದ ಚಕ್ರದ ಕಬ್ಬಿಣದ ಪಟ್ಟಿಗೆ ಬಡಿಯಿತು. ಅವ್ವ ಗಾಯಕ್ಕೆ ಕಾಫಿಪುಡಿ ಮೆತ್ತಿದಳು. ರಕ್ತ ನಿಂತಿತು. ನೋವು ಮಾತ್ರ ಗದ್ದದಲ್ಲಿರಲಿಲ್ಲ, ಎರಡು ಕಿವಿಗಳ ಮುಂದೆ ಇತ್ತು. ನೀನು ಮುಟ್ಟಿ ನೋಡಿ ಅವ್ವನಿಗೆ ಹೇಳಿದೆಯಂತೆ: "ಕೀಲು ಬಿರುಕು ಬುಟ್ಟದೆ ಕಣೆ. ಬಿಗಿಯಾಗಿ ಕಟ್ಟಿ ಮಡಗಬೇಕು, ಅಲ್ಲಾಡುಸ್ಬಾರ್ದು." ಮರದ ಕೆಲಸದಲ್ಲಿ ನಿನ್ನ ಕ್ರಮ ಅದೇ ತಾನೆ? ಅಂಟು ಹಚ್ಚಿ, ಹಗ್ಗ ಬಿಗಿದು, ನೆರಳಿನಲ್ಲಿಟ್ಟು ಮರೆತುಬಿಡುವುದು. ನಲವತ್ತು ದಿನ ನನಗೆ ಗಂಜಿ ಮಾತ್ರ. ಬಟ್ಟೆ ಬಿಚ್ಚಿದಾಗ ಕೀಲು ಗಟ್ಟಿಯಾಗಿತ್ತು. ಅಷ್ಟು ಗಟ್ಟಿಯಾದ ಕೀಲನ್ನು ನೀನು ಇನ್ನಾವ ಗಾಡಿಗೂ ಮಾಡಿರಲಿಲ್ಲವೇನೋ. ಎರಡು ವರ್ಷದೊಳಗೆ ಹಲ್ಲುಗಳ ನಡುವೆ ಒಂದು ಕಾಗದ ತೂರುವಷ್ಟೇ ಜಾಗ ಉಳಿಯಿತು. ದವಡೆ ಬೆಳೆಯುವುದನ್ನೂ ನಿಲ್ಲಿಸಿತು. ಮುದ್ದೆಯನ್ನು ಸಾರಿನಲ್ಲಿ ಕದಡಿ, ಹಲ್ಲಿನ ಸಂದಿಯಿಂದ ಹೀರಿಕೊಂಡೇ ನಾನು ದೊಡ್ಡವಳಾದೆ.

ನಾಲ್ಕನೇ ಕ್ಲಾಸಿನಲ್ಲಿ ಮಗ್ಗಿ ಒಪ್ಪಿಸಲು ಎದ್ದು ನಿಂತರೆ ಹಿಂದಿನ ಸಾಲಿನಿಂದ "ಬೀಗ ಬಂತು ಕಣ್ರೇ, ಬೀಗದ ಕೈ ಎಲ್ರೇ?" ಎನ್ನುತ್ತಿದ್ದರು. ಆ ಬೇಸಿಗೆಯ ನಂತರ ನಾನು ಶಾಲೆಗೆ ಹೋಗಲಿಲ್ಲ. ನೀನು ಯಾಕೆ ಎಂದು ಕೇಳಲಿಲ್ಲ. ಕಿವಿಗೆ ಸಿಕ್ಕಿಸಿಕೊಂಡಿದ್ದ ನಿನ್ನ ಚಪ್ಪಟೆ ಪೆನ್ಸಿಲು ತೆಗೆದುಕೊಟ್ಟು, "ಅಲ್ಗೆ ಮೇಲೆ ಬರ್ಕೋ ಅಮ್ಮಣ್ಣಿ, ತೋಪ್ಡಾ ಒಡುದ್ರೆ ಓಯ್ತದೆ" ಎಂದೆ. ನಾನು ಬರೆದದ್ದನ್ನೆಲ್ಲ ನೀನು ತೋಪಡಾದಿಂದ ಹೆರೆಯುತ್ತಿದ್ದೆ. ಹೆರೆಯುವ ಮೊದಲು ಓದುತ್ತಿದ್ದೆಯಾ? ಕೇಳಬೇಕೆಂದಿದ್ದೆ...

ಮೈಸೂರಿನ ಡಾಕ್ಟರು ಎಕ್ಸ್‌ರೇಯನ್ನು ಬೆಳಕಿಗೆ ಹಿಡಿದಾಗ ನನಗೆ ಹತ್ತೊಂಬತ್ತು. ಕೀಲು ಇರಬೇಕಾದ ಜಾಗದಲ್ಲಿ ಬರೀ ಬಿಳಿ. ದವಡೆಯೂ ತಲೆಬುರುಡೆಯೂ ಬೆಸೆದು ಒಂದೇ ಮೂಳೆಯಾಗಿವೆ ಎಂದರು. ಮೊದಲೆಲ್ಲ ಆ ಮೂಳೆಯನ್ನು ಕತ್ತರಿಸಿ ಸಂದಿ ಮಾಡಿ ಬಿಡುತ್ತಿದ್ದರಂತೆ, ಅದು ಮತ್ತೆ ಕೂಡಿಕೊಳ್ಳುತ್ತಿತ್ತಂತೆ. ಈಗ ಕಪಾಲದ ಪಕ್ಕದ ಸ್ನಾಯುವಿನಿಂದ ಒಂದು ಪದರ ತಿರುಗಿಸಿ ಆ ಸಂದಿಯೊಳಗೆ ಹಾಸುತ್ತಾರೆ. ದವಡೆ ಮೋಟಾದ ಕಡೆ ಪಕ್ಕೆಲುಬಿನ ತುಂಡು ತಂದು ಹೊಸ ಕೀಲು ಕೂರಿಸುತ್ತಾರೆ. ನೀನು ಕೂಡಲೇ, "ಅಚ್ಚಿಗೂ ಚಕ್ರದ ಗುಂಬಕ್ಕೂ ಮಧ್ಯ ಕೀಲೆಣ್ಣೆ ಬಟ್ಟೆ ಸುತ್ತಿದಂಗೆ. ಗರಗಸ, ಉಳಿ, ಬೈರಿಗೆ ಎಲ್ಲಾ ಮಡೀಕಂಡಿದ್ದೀರಿ, ನೀವೂ ನಮ್ಮೋರೇ ಬುಡಿ ಸ್ವಾಮಿ" ಎಂದೆ. ಡಾಕ್ಟರು ನಕ್ಕರು. ನೀನು ನಗಲಿಲ್ಲ. "ನಾನು ಕಟ್ಟಿ ಮಡಗಿದ್ದೆ. ಅದ್ಕೇ ಇಂಗಾಯ್ತಾ?"

ಡಾಕ್ಟರು ಎಕ್ಸ್‌ರೇಯನ್ನು ಕೆಳಗಿಟ್ಟರು. "ಮರದ ಕೀಲು ಅಲ್ಲಾಡಿದ್ರೆ ಕೆಡುತ್ತೆ ಆಚಾರ್ರೇ. ಈ ಕೀಲು ಅಲ್ಲಾಡದೇ ಇದ್ರೆ ಕೆಡುತ್ತೆ. ನಿಮಗೆ ಯಾರೂ ಹೇಳಿರಲಿಲ್ಲ" ಎಂದರು. ಶ್ರೀರಂಗಪಟ್ಟಣದಲ್ಲಿ ಇಳಿದು ಅರಕೆರೆ ಬಸ್ಸು ಹತ್ತುವವರೆಗೂ, ಹತ್ತಿದ ಮೇಲೂ, ನೀನು ಆ ಎಕ್ಸ್‌ರೇಯನ್ನು ಕಂಕುಳಿನಿಂದ ತೆಗೆಯಲಿಲ್ಲ.

ಆಪರೇಷನ್ನಿನ ದಿನದ್ದು ನನಗೆ ನೆನಪಿರುವುದು ಮೂಗಿನೊಳಗಿನ ನಳಿಗೆ. ಬಾಯಿ ತೆರೆಯದವಳಿಗೆ ಅರಿವಳಿಕೆ ಕೊಡುವುದೇ ಕಷ್ಟವಂತೆ. ನಾನು ಎಚ್ಚರವಾಗಿರುವಾಗಲೇ ಮೂಗಿನಿಂದ ಗಂಟಲಿಗೆ ನಳಿಗೆ ಇಳಿಸಿದರು. ಎದ್ದಾಗ ಎರಡೂ ಕಿವಿಗಳ ಮುಂದೆ ಹೊಲಿಗೆ, ಬಾಯಿಯೊಳಗೆ ಗಾಳಿ. ತಣ್ಣಗಿತ್ತು. ಡಾಕ್ಟರು ನಿನ್ನನ್ನು ಕರೆದು ಹೇಳಿದರು: "ನಾವು ಮಾಡಿರೋದು ಅರ್ಧ. ಇನ್ನರ್ಧ ನಿಮ್ಮ ಮನೇಲಿ. ದಿನಕ್ಕೆ ಆರು ಸಲ ಬಾಯಿ ಅಗಲ ಮಾಡಿಸಬೇಕು. ಅಳ್ತಾಳೆ ಅಂತ ಬಿಟ್ರೆ ಮತ್ತೆ ಬೆಸೆದುಕೊಳ್ಳುತ್ತೆ." ಹಲ್ಲುಗಳ ನಡುವೆ ಒಂದೊಂದಾಗಿ ಸೇರಿಸಲು ಐಸ್‌ಕ್ರೀಮಿನ ಕಡ್ಡಿಗಳ ಒಂದು ಕಟ್ಟು ಕೊಟ್ಟರು.

ಮನೆಗೆ ಬಂದ ದಿನವೇ ನೀನು ಆ ಕಡ್ಡಿಗಳನ್ನು ಒಲೆಗೆ ಹಾಕಿದೆ. ಹಾಲೆಮರದಲ್ಲಿ ಒಂದು ಬೆಣೆ ಕೆತ್ತಿ, ಗಾಜಿನ ಚೂರಿನಿಂದ ನುಣುಪು ಮಾಡಿ, ಹತ್ತು ಗೆರೆ ಗೀರಿದೆ. ಹತ್ತನೇ ಗೆರೆ ಎಂದರೆ ಮೂರು ಬೆರಳು. ಸುತ್ತ ಹತ್ತೂರಿನ ಚಕ್ರಗಳಿಗೆ ಬೆಣೆ ಹೊಡೆದ ಕೈ, ನನ್ನ ಹಲ್ಲಿನ ಹತ್ತಿರ ಬಂದರೆ ಹಿಂದೆ ಸರಿಯುತ್ತಿತ್ತು. ನಾನು ಕಿರುಚುತ್ತಿದ್ದೆ. ನೀನು, "ಇವತ್ತಿಗೆ ಬುಡವ್ವ, ನಾಳಿಕ್ಕೆ ನೋಡನ" ಎನ್ನುತ್ತಿದ್ದೆ. ನನಗೆ ಅದೇ ಬೇಕಿತ್ತು. ಕಿರುಚಿದರೆ ಬಿಡುತ್ತೀಯ ಎಂದು ಗೊತ್ತಾದ ಮೇಲೆ ನೋವಾಗುವ ಮೊದಲೇ ಕಿರುಚುತ್ತಿದ್ದೆ. ಇದನ್ನು ನಿನಗೆ ಹೇಳಿರಲಿಲ್ಲ. ತಿಂಗಳ ನಂತರ ಡಾಕ್ಟರು ಅಳೆದಾಗ, ಮೊದಲು ಎಂಟನೇ ಗೆರೆಯವರೆಗೆ ತೆರೆಯುತ್ತಿದ್ದ ಬಾಯಿ ಐದನೇ ಗೆರೆಗೆ ಇಳಿದಿತ್ತು. ಅವರು ಬಯ್ಯಲಿಲ್ಲ, ಅಳತೆಯನ್ನು ಚೀಟಿಯಲ್ಲಿ ಬರೆದು ನಿನ್ನ ಕೈಗೆ ಕೊಟ್ಟರು. ಬಸ್ಸಿನಲ್ಲಿ ನೀನು ಕಿಟಕಿಗೆ ಹೇಳಿದ ಹಾಗೆ ಹೇಳಿದೆ: "ಅವತ್ತು ಕಟ್ಟಬಾರ್ದಿತ್ತು, ಕಟ್ದೆ. ಈಗ ಬುಡಬಾರ್ದು, ಬುಡ್ತಾ ಇವ್ನಿ."

ಆಮೇಲೆ ನೀನು ಬಿಡಲಿಲ್ಲ. ಮುಖ ಆಚೆ ತಿರುಗಿಸಿಕೊಂಡು ಬೆಣೆ ತಳ್ಳುತ್ತಿದ್ದೆ. ಹನ್ನೊಂದನೆಯ ದಿನ ಸಂಜೆ ಆರನೇ ಗೆರೆ ಮುಟ್ಟಿತು. ನಾನು ಬೆಣೆ ಉಗಿದು, "ನಿನ್ನ ಮುಖ ನೋಡಕ್ಕಿಲ್ಲ ಓಗು" ಎಂದೆ. ನೀನು ಬೆಣೆಯನ್ನು ಪಂಚೆಗೆ ಒರೆಸಿಕೊಂಡು, "ಆಯ್ತು, ನೋಡ್ಬ್ಯಾಡ. ಬಾಯಿ ತಗಿ" ಎಂದೆ. ಮಾರನೆಯ ಬೆಳಿಗ್ಗೆ ಕೆಲಸದ ಕೊಟ್ಟಿಗೆಯಲ್ಲಿ ಎದೆ ಹಿಡಿದುಕೊಂಡು ಕೂತವನು ಏಳಲೇ ಇಲ್ಲ.

ಸೂತಕದ ಹನ್ನೊಂದು ದಿನ ಬೆಣೆ ಮಾಡಿನ ಸಂದಿಯಲ್ಲಿತ್ತು. ಯಾರೂ ತೆಗೆಯಲಿಲ್ಲ. ಹನ್ನೆರಡನೆಯ ದಿನ ನಾನೇ ಕನ್ನಡಿಯ ಮುಂದೆ ಕೂತು ಇಟ್ಟುಕೊಂಡೆ. ಮೂರನೇ ಗೆರೆ. ತಳ್ಳಿದೆ. ಧೈರ್ಯ ಬಂದಿತ್ತು ಎಂದುಕೊಳ್ಳಬೇಡ. ನೋವು ಗೊತ್ತಾಗುತ್ತಿರಲಿಲ್ಲ. ಬೇರೆ ಯಾರದೋ ಬಾಯಿ ಎನ್ನುವ ಹಾಗಿತ್ತು. ದಿನಕ್ಕೆ ಆರು ಸಲ, ಏಳು ತಿಂಗಳು. ಅವ್ವ ಆ ಹೊತ್ತಿಗೆ ಹಿತ್ತಲಿಗೆ ಹೋಗಿಬಿಡುತ್ತಿದ್ದಳು.

ನಿನ್ನೆ ಮಧ್ಯಾಹ್ನ ನಿನ್ನ ಕೊಟ್ಟಿಗೆಯ ಬಾಗಿಲಲ್ಲಿ ಕೂತಿದ್ದೆ. ಅವ್ವ ರಾಗಿ ಕೇರುತ್ತಿದ್ದಳು. ನನಗೆ ಆಕಳಿಕೆ ಬಂತು. ಇಷ್ಟು ವರ್ಷ ಅದು ಗಂಟಲಿಗೆ ಬಂದು, ಕಿವಿ ಸೆಳೆದು, ಹಾಗೆಯೇ ಹಿಂದಕ್ಕೆ ಹೋಗುತ್ತಿತ್ತು. ನಿನ್ನೆ ಹೊರಗೆ ಬಂತು. ಅವ್ವ ತಲೆ ಎತ್ತದೆಯೇ, "ಬಾಯಿ ಮುಚ್ಚೆ, ನೊಣ ಓದಾವು" ಎಂದಳು.

ಆಮೇಲೆ ಮೊರ ನಿಂತಿತು. ನಾನೂ ಅವಳೂ ಒಬ್ಬರನ್ನೊಬ್ಬರು ನೋಡಿದೆವು. ಬಾಯಿ ಮುಚ್ಚು ಎಂದು ನನಗೆ ಯಾರಾದರೂ ಹೇಳಿದ್ದು ಅದೇ ಮೊದಲು. ಅವಳು ಮತ್ತೆ ಕೇರತೊಡಗಿದಳು.

ಬೆಣೆ ಇಟ್ಟು ನೋಡಿದೆ, ಹತ್ತನೇ ಗೆರೆ. ಇನ್ನೂ ಒಂದು ವರ್ಷ ನಿಲ್ಲಿಸಬಾರದು ಎಂದಿದ್ದಾರೆ ಡಾಕ್ಟರು. ನಿಲ್ಲಿಸುವುದಿಲ್ಲ. ಹಲ್ಲು ಕಚ್ಚಿ ಕಚ್ಚಿ ನಿನ್ನ ಬೆಣೆಯ ತುದಿ ಸವೆದಿದೆ. ಇನ್ನೊಂದನ್ನು ನಾನೇ ಕೆತ್ತಬೇಕು. ನಿನ್ನ ಉಳಿಗೆ ತುಕ್ಕು ಹಿಡಿದಿತ್ತು, ಇವತ್ತು ಮಸೆದೆ.

ಅಳು ಇನ್ನೂ ಬಂದಿಲ್ಲ ಅಪ್ಪ. ಬಂದರೆ, ಈಗ ಜಾಗವಿದೆ.

ನಿನ್ನ ಅಮ್ಮಣ್ಣಿ