ಅವ್ವ ಗಂಟು ಇಳಿಸಿದ ಜಾಗ

ಸಂತೆಕಲ್ಲೂರಿನ ಅಕ್ಕ ಸೂಗಮ್ಮನಿಗೆ ಶ್ರೀಶೈಲದ ಗುಡ್ಡದ ದಾರಿಯಿಂದ ತಮ್ಮ ಬಾಲಪ್ಪನ ಶರಣು.

ಗಟ್ಟಿ ಮನಸ್ಸು ಮಾಡಿ ಓದು. ಸೋಮವಾರ ಅವ್ವ ತೀರಿಕೊಂಡಳು. ನಮ್ಮ ಯಾತ್ರೆಯ ತಂಡಕ್ಕೆ ಅವ್ವನೇ ಹಿರಿಯಳು; ಹಿರಿಯರು ಗಂಟು ಇಳಿಸಿದಲ್ಲೇ ಎಲ್ಲರ ಬಿಡಾರ, ನಿನಗೆ ಗೊತ್ತು. ಅವತ್ತು ಮಧ್ಯಾಹ್ನವೇ ಕೆರೆ ದಂಡೆಯಲ್ಲಿ ಅವ್ವ ಗಂಟು ಇಳಿಸಿ, “ಇವತ್ತು ಇಲ್ಲೇ ಇರೋಣೋ ಬಾಲಪ್ಪಾ” ಅಂದಳು. ಅಲ್ಲಿ ಜನವೋ ಜನ, ನೀರೆಲ್ಲ ರಾಡಿ. “ಇನ್ನಾ ಹೊತ್ತೈತಿ ಯವ್ವಾ, ಭೀಮನ ಕೊಳ್ಳದಾಗ ತಂಪೈತಿ, ನಡಿ” ಅಂದು ಅವಳ ಗಂಟನ್ನು ನಾನೇ ಹೊತ್ತು ಮುಂದೆ ನಡೆದೆ. ಗಂಟಿನ ಹಿಂದೆ ಅವಳೂ ಬಂದಳು. ಕೊಳ್ಳದ ಮೆಟ್ಟಿಲ ಮೇಲೆ ಕೂತವಳು ಮತ್ತೆ ಏಳಲಿಲ್ಲ. ಅಲ್ಲೇ ಮಣ್ಣು ಮಾಡಿದೆವು.

ನನ್ನ ಮೈಗೆ ಏನೂ ಆಗಿಲ್ಲ, ಕಾಲಿನ ಬೊಬ್ಬೆ ಅಷ್ಟೆ. ನಮ್ಮ ನಿಜಾಮರ ಅಂಚೆ ಕಾರ್ಡು ಈ ಇಂಗ್ರೇಜರ ಸೀಮೆಯಲ್ಲಿ ನಡೆಯುವುದಿಲ್ಲವಂತೆ. ಈ ಇಂಗ್ರೇಜಿ ಕಾರ್ಡು ಕೊಟ್ಟ ಪುಣ್ಯಾತ್ಮರೇ ಆತ್ಮಕೂರಿನ ಅಂಚೆಗೆ ಹಾಕುತ್ತಾರೆ, ಹೊರಟು ನಿಂತಿದ್ದಾರೆ.

ತಂಡದವರು “ಇನ್ನ ಗಂಟು ನೀನ ಇಳಸಪಾ” ಅಂದಿದ್ದಾರೆ. ಅವ್ವನ ಗಂಟನ್ನು ಹೆಗಲಲ್ಲಿ ಹೊತ್ತುಕೊಂಡೇ ಇದನ್ನು ಬರೆದೆ. ಹೊತ್ತು ಮುಳುಗುತ್ತ ಬಂತು, ಎಲ್ಲರೂ ನಿಂತೇ ಇದ್ದಾರೆ. ಇಳಿಸಲು ನನಗೆ ಕೈ ಏಳುತ್ತಿಲ್ಲ, ಅಕ್ಕಾ.