ಆಂಟಿ ಅಲ್ಲ, ಅಭ್ಯರ್ಥಿ

ಆಸ್ಪತ್ರೆಯ ಲಾಂಡ್ರಿ ಕೋಣೆ,
ಮಾರ್ಚ್ ೧೨, ಬುಧವಾರ

ಮುದ್ದು ಮಗಳೇ,

ನಿನ್ನ ಕೆಮ್ಮು ಹೇಗಿದೆ? ಬಿಸಿನೀರು ಕುಡಿ ಎಂದರೆ ಕುಡಿಯುವವಳಲ್ಲ ನೀನು. ಆದರೂ ಹೇಳದಿದ್ದರೆ ನನಗೆ ಸಮಾಧಾನವಿಲ್ಲ. ಹೊಸ ಕೆಲಸ ಒಗ್ಗಿತೇ? ನನ್ನ ಮಂಡಿನೋವು ಇದ್ದ ಹಾಗೇ ಇದೆ, ಬಾಯಿ ಮಾತ್ರ ಮೊದಲಿಗಿಂತ ಜೋರಾಗಿದೆ.

ಈಗ ಕೇಳು, ಮೈಯೆಲ್ಲ ಉರಿಯುತ್ತಿದೆ ನನಗೆ. ಹಗಲಿಡೀ ಇಲ್ಲಿ ರೋಗಿಗಳ ಹಾಸಿಗೆ ಬಟ್ಟೆ ಒಗೆದು, ಅದೇ ಸೋಪಿನ ವಾಸನೆ ಹೊತ್ತುಕೊಂಡು ಸಂಜೆ ಕಾಲೇಜಿಗೆ ಓಡುತ್ತೇನಲ್ಲ, ನನ್ನಂಥ ನಡುವಯಸ್ಸಿನವರು ಅಲ್ಲಿ ಇನ್ನೂ ಹಲವರಿದ್ದಾರೆ. ಟ್ಯಾಕ್ಸಿ ಓಡಿಸುವವರೊಬ್ಬರು, ಮಗುವನ್ನು ಪಕ್ಕದ ಮನೆಯಲ್ಲಿ ಬಿಟ್ಟು ಬರುವವಳೊಬ್ಬಳು. ನಾವು ಕಾಲಿಡುವ ಹೊತ್ತಿಗೆ ಓದುವ ಕೋಣೆಗೆ ಬೀಗ. ವಿದ್ಯಾರ್ಥಿ ಸಂಘಕ್ಕೆ ದೂರು ಹೇಳೋಣವೆಂದರೆ ಅವರ ಸಭೆ ಬೆಳಿಗ್ಗೆ ಹನ್ನೊಂದಕ್ಕೆ! ಒದ್ದೆ ಬಟ್ಟೆಯನ್ನು ಯಂತ್ರದಲ್ಲೇ ಬಿಟ್ಟು ಹೋಗಲೇ? ಸಂಘದ ಅಧ್ಯಕ್ಷ ಇಪ್ಪತ್ತರ ಹುಡುಗ. “ನಿಮ್ಮ ಪರವಾಗಿ ನಾನೇ ಇದ್ದೀನಲ್ಲ ಆಂಟಿ, ನಮ್ಮಮ್ಮಂಗೂ ನಿಮ್ಮಷ್ಟೇ ವಯಸ್ಸು” ಎಂದ. ಅಬ್ಬಬ್ಬಾ! ನಮ್ಮ ಪರ ಮಾತಾಡಲು ಅವನಮ್ಮನ ವಯಸ್ಸೇ ಅವನ ಯೋಗ್ಯತೆಯಂತೆ.

ಅದಕ್ಕೇ ನಾನೇ ಚುನಾವಣೆಗೆ ನಿಂತೆ. ಟ್ಯಾಕ್ಸಿಯವರೇ ನನ್ನ ಹೆಸರು ಸೂಚಿಸಿದರು. ಸೋಮವಾರ ಹೋಗಿ ನೋಡುತ್ತೇನೆ, ಬೋರ್ಡಿನಲ್ಲಿ ಎಲ್ಲರ ಹೆಸರೂ ಇದೆ, ನನ್ನದಿಲ್ಲ. ಕೇಳಿದರೆ ಅಧ್ಯಕ್ಷ ತನ್ನ ಶೂ ನೋಡುತ್ತಾ, “ಬೇಜಾರ್ ಮಾಡ್ಕೋಬೇಡಿ ಆಂಟಿ. ನಿಂತವರ ಮನೆಗೆಲ್ಲ ಫೋನ್ ಮಾಡಿ ಕೇಳ್ತೀವಿ, ಎಲ್ಲರಿಗೂ ಒಂದೇ ರೂಲು. ನಿಮ್ಮ ಮನೆಯವರು ಬೇಡ ಅಂದ್ರು” ಎಂದ. ನನ್ನ ಅಪ್ಪ ಅಮ್ಮ ಹೋಗಿ ಎಷ್ಟು ಕಾಲವಾಯಿತು! ನಿನ್ನ ಅಪ್ಪನೂ ಇಲ್ಲ. ನಲವತ್ತೇಳು ವರ್ಷದವಳಿಗೆ ಇನ್ಯಾರ ಒಪ್ಪಿಗೆ ಬೇಕು? “ಈ ಕೂದಲು ಬಿಸಿಲಿಗೆ ಬೆಳ್ಳಗಾದದ್ದಲ್ಲಪ್ಪಾ, ನನ್ನ ವಿಷಯ ನನ್ನನ್ನು ಕೇಳು” ಎಂದು ಕಾರಿಡಾರೆಲ್ಲ ಕೇಳುವ ಹಾಗೆ ಕೂಗಿದೆ. ಅವನ ಕೈಯಲ್ಲೇ ನನ್ನ ಹೆಸರು ಮತ್ತೆ ಬರೆಸಿದೆ. ಶುಕ್ರವಾರ ಮತದಾನ. ಗೆದ್ದರೆ ಮೊದಲ ಕೆಲಸ, ಆ ಕೋಣೆಯ ಬೀಗ ತೆಗೆಸುವುದು. ಸೋತರೆ ಮುಂದಿನ ವರ್ಷವೂ ನಿಲ್ಲುತ್ತೇನೆ.

ಹೊತ್ತಿಗೆ ಸರಿಯಾಗಿ ಊಟ ಮಾಡು. ನಿನ್ನ ರೂಮಿನ ಗೆಳತಿಯನ್ನು ಕೇಳಿದೆನೆಂದು ಹೇಳು. ಎಲ್ಲಿದ್ದರೂ ತಣ್ಣಗಿರು, ತಾಯೀ.

ನಿನ್ನ
ಅಮ್ಮ

ಮತ್ತೆ: ಮರೆತು ಬಿಟ್ಟದ್ದಲ್ಲ ಇದು, ಮೇಲೆ ಬರೆಯಲು ಕೈ ಏಳಲಿಲ್ಲ. ಸಂಘದವರು ಫೋನ್ ಮಾಡಿದ್ದು ನಿನಗೆ. “ಅಮ್ಮಂಗೆ ಸುಸ್ತಾಗುತ್ತೆ, ಹೆಸರು ತೆಗೆದುಬಿಡಿ, ನಾನು ಹೇಳ್ಕೋತೀನಿ” ಅಂದೆಯಂತೆ. ನನಗೆ ಒಂದು ಮಾತು ಹೇಳಲೂ ಇಲ್ಲವಲ್ಲೇ! ನೀನು ಹದಿನೆಂಟಕ್ಕೆ ಇದೇ ಸಂಘಕ್ಕೆ ನಿಂತಾಗ ನನಗೂ ಫೋನ್ ಬಂದಿತ್ತು. ನಿನ್ನ ಓದೆಲ್ಲಿ ಹಾಳಾಗುತ್ತದೋ ಎಂಬ ಹೆದರಿಕೆ ನನಗೂ ಇತ್ತು. ಆದರೂ “ಅವಳನ್ನೇ ಕೇಳಿ” ಎಂದಿದ್ದೆ.